ಕೊಳದ ದಡದಲ್ಲಿ ಥೆಲ್ಮಾ ಹ್ಯಾಲಮ್

ಥೆಲ್ಮಾ ಹ್ಯಾಲಮ್ ನಮ್ಮ ಊರಿನ ಪ್ರಾಥಮಿಕ ಶಾಲೆಯ ಅಡುಗೆಮನೆಗೆ ಯಜಮಾನಿಯಾಗಿದ್ದವಳು. ನಾನು ಅಲ್ಲಿ ಕೆಲಸಕ್ಕೆ ಸೇರಿದ ಬೆಳಿಗ್ಗೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಆ ಜಡೆ ಟೊಪ್ಪಿಗೆಯೊಳಗೆ ಹೋಗ್ಲಿ ಮರಿ. ಕಸ್ಟರ್ಡ್‌ನಲ್ಲಿ ಕೂದಲು ಸಿಕ್ರೆ ಈ ಹುಡುಗ್ರು ಅದನ್ನೂ ಇನ್ನೊಂದ್ಸಲ ಹಾಕಿಸ್ಕೊಂಡು ತಿಂತಾರೆ" ಎಂದಳು. ಇಂಗ್ಲೆಂಡಿನ ಉತ್ತರದ ಆ ಕಡೆಯವರಿಗೆ ಎಲ್ಲರೂ ಮರಿಯೇ. ಎಂಬತ್ತರ ಮುದುಕಿಯೂ ಮರಿ, ಬ್ಯಾಂಕಿನ ಮ್ಯಾನೇಜರೂ ಮರಿ. ನಗಬೇಕೋ ಬೇಡವೋ ತಿಳಿಯದೆ ನಾನು ಜಡೆ ಸುತ್ತಿಕೊಂಡೆ. ಅವಳು ನಿವೃತ್ತಳಾಗುವವರೆಗೂ ಒಂದೇ ಒಲೆಯ ಮುಂದೆ ಇಬ್ಬರೂ ಬೆವರಿದೆವು. ಮನೆಗಳೂ ಎದುರುಬದುರೇ. ನನ್ನ ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ಅವಳ ಮನೆಯ ಮುಂಬಾಗಿಲು ಕಾಣುತ್ತಿತ್ತು.

ಆ ಬಾಗಿಲಿನ ಮೆಟ್ಟಿಲನ್ನು ಅವಳು ದಿನಾ ತಿಕ್ಕುತ್ತಿದ್ದಳು. ಪರದೆಗಳು ಸದಾ ಬೆಳ್ಳಗಿರುತ್ತಿದ್ದವು. ಒಣಹಾಕಿದ ಒಳಬಟ್ಟೆಗಳು ಬೀದಿಗೆ ಕಾಣದ ಹಾಗೆ ಮುಂದೆ ಹಾಸಿಗೆಯ ಹೊದಿಕೆ ಹರಡುತ್ತಿದ್ದಳು. ಅವಳ ಅಪ್ಪ ಕಲ್ಲಿದ್ದಲ ಗಣಿಯಲ್ಲಿದ್ದವನು, ಸಂಬಳದ ದಿನ ಕುಡಿದು ಬಿದ್ದರೆ ಪೊಲೀಸಿನವನು ಕೈಹಿಡಿದು ಮನೆಗೆ ತಂದು ಬಿಡುತ್ತಿದ್ದನಂತೆ. ಅಕ್ಕಪಕ್ಕದವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರಂತೆ. "ಬೈದ್ರೆ ತಡ್ಕೋಬೋದು ಕಣೇ, ಆದ್ರೆ ಹಾಗೆ ಸುಮ್ನೆ ನಿಂತು ನೋಡ್ತಾರಲ್ಲ, ಅದನ್ನ ತಡ್ಕೊಳಕ್ಕಾಗಲ್ಲ" ಎಂದು ಒಮ್ಮೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ಹೇಳಿದ್ದಳು. ಜನ ನಿಂತು ನೋಡುವಂಥದ್ದೊಂದೂ ತನ್ನ ಮನೆಯಲ್ಲಿ ನಡೆಯಬಾರದು ಎಂಬುದೇ ಅವಳ ಇಡೀ ಬದುಕಿನ ಹಠ.

ಗಂಡ ನೆವಿಲ್ ಆ ಹಠಕ್ಕೆ ತಕ್ಕವನೇ ಆಗಿದ್ದ. ಊರಿನ ಬಸ್ಸು ಓಡಿಸುತ್ತಿದ್ದ. ಕುಡಿತವಿಲ್ಲ, ಕೂಗಾಟವಿಲ್ಲ. ಬೂಟಿನಲ್ಲಿ ಮುಖ ಕಾಣುವ ಹಾಗೆ ಪಾಲಿಶ್ ಮಾಡುತ್ತಿದ್ದ, ಟೈ ಕಟ್ಟದೆ ಹಿತ್ತಲಿಗೂ ಇಳಿಯುತ್ತಿರಲಿಲ್ಲ. ಯಾರಾದರೂ ಮುದುಕಿ ಚೀಲ ಹಿಡಿದು ಓಡಿಬರುವುದು ಕಂಡರೆ ಬಸ್ಸು ನಿಲ್ಲಿಸಿಕೊಂಡು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಓಡ್ಬೇಡ ಮರಿ, ನೀನು ಬರ್ದೆ ಹೊರಡಲ್ಲ ಅಂತ ಬಸ್ಸು ಹಠ ಹಿಡ್ಕೊಂಡು ಕೂತಿದೆ" ಎನ್ನುತ್ತಿದ್ದ. ನನಗೆ ಊರಿನ ದಾರಿಗಳನ್ನು ಕಲಿಸಿದವನೇ ಅವನು. ಹೊಸದರಲ್ಲಿ ನಾನು ತಪ್ಪು ನಿಲ್ದಾಣದಲ್ಲಿ ಇಳಿಯಲು ಎದ್ದರೆ ಕನ್ನಡಿಯಲ್ಲೇ ನೋಡಿ ತಲೆ ಅಲ್ಲಾಡಿಸುತ್ತಿದ್ದ.

ಅಂಥವನಿಗೆ ಮರೆವು ಹತ್ತಿತು. ಮೊದಮೊದಲು ಚಹಾದ ಕೆಟಲ್ಲು ಫ್ರಿಜ್ಜಿನಲ್ಲಿ ಸಿಕ್ಕಿತು. ನಿವೃತ್ತನಾಗಿ ಎಷ್ಟೋ ವರ್ಷಗಳ ಮೇಲೆ ಒಂದು ಬೆಳಿಗ್ಗೆ ಹಳೆಯ ಸಮವಸ್ತ್ರ ಹಾಕಿಕೊಂಡು ಬಸ್ಸಿನ ಡಿಪೋಗೆ ಹೋಗಿ ನಿಂತ. ಥೆಲ್ಮಾ ಓಡಿಹೋಗಿ, "ನಿಮ್ಮನ್ನೆಲ್ಲಾ ಮಂಗ ಮಾಡ್ತೀನಿ ಅಂತ ಬೆಟ್ ಕಟ್ಟಿದ್ದ, ನೋಡಿ ಗೆದ್ದೇಬಿಟ್ಟ" ಎಂದು ನಗಿಸಿ ಕರೆದುಕೊಂಡು ಬಂದಳು. ಅಲ್ಲಿಂದ ಮುಂದೆ ಅವಳದು ಮುಚ್ಚಿಡುವ ಕೆಲಸ. ಅವನು ಮಾತು ಮರೆತು ತಡವರಿಸಿದರೆ ಆ ಮಾತನ್ನು ಇವಳೇ ಮುಗಿಸುವಳು. ಮಗಳು ಗೇಲ್ ಲೀಡ್ಸ್‌ನಿಂದ ಫೋನ್ ಮಾಡಿ "ಅಪ್ಪನಿಗೆ ಕೊಡು" ಎಂದರೆ, "ಹಿತ್ತಲಲ್ಲಿದ್ದಾನೆ, ಕೈಯೆಲ್ಲಾ ಮಣ್ಣು" ಎನ್ನುವಳು. ಡಾಕ್ಟರ ಹತ್ತಿರ ಹೋಗುವ ಮಾತೆತ್ತಿದರೆ, "ವಯಸ್ಸಾದ ಮೇಲೆ ಯಾರಿಗೆ ಮರೆವಿರಲ್ಲ, ನಂಗೇ ಕನ್ನಡಕ ಎಲ್ಲಿಟ್ಟೆ ಅಂತ ಗೊತ್ತಿರಲ್ಲ" ಎಂದು ಬಾಯಿ ಮುಚ್ಚಿಸುವಳು.

ಆಲ್ಡರ್‌ಬಿ ಹಾಲ್‌ನ ತೋಟದಲ್ಲಿ ಮಾತ್ರ ನೆವಿಲ್ ಮೊದಲಿನ ಹಾಗೆ ಇರುತ್ತಿದ್ದ. ಊರಿನಿಂದ ಬಸ್ಸಿನಲ್ಲಿ ಹೋದರೆ ಬೇಗ ಸಿಗುವ ಹಳೆಯ ಜಮೀನ್ದಾರರ ಮನೆ ಅದು. ಮನೆಗಿಂತ ಅದರ ಸುತ್ತಲಿನ ತೋಟ, ಹುಲ್ಲುಗಾವಲು ದೊಡ್ಡವು. ಇವರಿಬ್ಬರೂ ಮದುವೆಗೆ ಮುಂಚೆ ಸೈಕಲ್ಲಿನಲ್ಲಿ ಅಲ್ಲಿಗೆ ಹೋಗಿ ಲಿಂಡನ್ ಮರಗಳ ಸಾಲಿನಲ್ಲಿ ಅಡ್ಡಾಡಿದವರು. ಆಮೇಲೂ ಬಿಡಲಿಲ್ಲ. ಸದಸ್ಯತ್ವದ ಕಾರ್ಡು ತೋರಿಸಿ ಒಳಗೆ ಹೋದರೆ ನೆವಿಲ್‌ನ ಕಾಲಿಗೆ ದಾರಿ ಗೊತ್ತಿತ್ತು. ಗುಲಾಬಿ ತೋಟ ದಾಟಿ, ಕತ್ತರಿಸಿದ ಯೂ ಮರಗಳ ಎತ್ತರದ ಬೇಲಿಯ ಪಕ್ಕದಲ್ಲಿ ನಡೆದು, ದುಂಡನೆಯ ಕಲ್ಲುಕೊಳ ಸುತ್ತಿ, ಆ ಮೇಲೆ ಜಿಂಕೆಗಳು ಮೇಯುವ ಬಯಲಿಗೆ ಹೋಗುವ ಕಬ್ಬಿಣದ ಗೇಟು. ಅಲ್ಲಿ ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ. ಕೇಳದಿದ್ದರೆ ಅವನು ತಪ್ಪುವುದೂ ಇರಲಿಲ್ಲ.

ಆ ಜೂನ್ ತಿಂಗಳ ಭಾನುವಾರ ಅಲ್ಲಿ ಜಾತ್ರೆಯಂಥ ಜನ. ಗುಲಾಬಿ ಅರಳುವ ಕಾಲ, ಜೊತೆಗೆ ಸಸಿಗಳ ಮಾರಾಟ. ಹುಲ್ಲಿನ ಮೇಲೆ ಗಣಿ ಕಾರ್ಮಿಕರ ಹಿತ್ತಾಳೆ ವಾದ್ಯದ ತಂಡ ಬೇರೆ. ಥೆಲ್ಮಾ ಸ್ಯಾಂಡ್‌ವಿಚ್ ಕಟ್ಟಿಕೊಂಡು ಬಂದಿದ್ದಳು, ಚಹಾ ಮಾತ್ರ ಕೊಳ್ಳಬೇಕಿತ್ತು. ನೆವಿಲ್‌ನನ್ನು ಯೂ ಬೇಲಿಯ ನೆರಳಿನ ಬೆಂಚಿನಲ್ಲಿ ಕೂರಿಸಿ, "ಇಲ್ಲೇ ಕೂತಿರು. ಎದ್ದೀಯಾ ಮತ್ತೆ" ಎಂದಳು.

"ಎದ್ದು ಎಲ್ಲಿಗೆ ಹೋಗ್ಲಿ? ಬಸ್ಸಿನ ಕೀಲಿ ನಿನ್ನ ಹತ್ರಾನೇ ಇದೆಯಲ್ಲ" ಎಂದ ನೆವಿಲ್. ಅವನು ತಮಾಷೆಗೆ ಹೇಳಿದನೋ, ನಿಜವಾಗಿ ಹಾಗೆಂದುಕೊಂಡಿದ್ದನೋ ಅವಳಿಗೆ ಗೊತ್ತಾಗಲಿಲ್ಲ. ಆಗೆಲ್ಲ ಅವಳಿಗೆ ಹಾಗೆ ಗೊತ್ತಾಗದ ಸಂದರ್ಭಗಳೇ ಹೆಚ್ಚು.

ಚಹಾದ ಸಾಲು ಉದ್ದವಿತ್ತು. ಅವಳ ಮುಂದೆ ಇಬ್ಬರು ಹೆಂಗಸರು, ಒಳ್ಳೆಯ ಲಿನನ್ ಬಟ್ಟೆ, ಹುಲ್ಲಿನ ಟೊಪ್ಪಿಗೆ, ಮಾತಿನ ವರಸೆ ದಕ್ಷಿಣದ ಸ್ಥಿತಿವಂತರದು. ಯಾವುದೋ ಹಳದಿ ಗುಲಾಬಿಯ ಬಗ್ಗೆ ತಪ್ಪು ಹೇಳುತ್ತಿದ್ದರು. ಥೆಲ್ಮಾ ಮೆಲ್ಲಗೆ ತಿದ್ದಿದಳು. ಅವರು ಖುಷಿಯಾಗಿ ಇವಳ ಕಡೆ ತಿರುಗಿದರು. ಎಷ್ಟೋ ದಿನಗಳಿಂದ ಅವಳ ಜೊತೆ ಯಾರೂ ಔಷಧಿ, ನಿದ್ದೆ, ಮರೆವು ಇಲ್ಲದ ಮಾತು ಆಡಿರಲಿಲ್ಲ.

"ನಿಮ್ಮ ಯಜಮಾನ್ರೂ ಬಂದಿದ್ದಾರಾ?" ಎಂದು ಟೊಪ್ಪಿಗೆಯಾಕೆ ಕೇಳಿದಳು.

"ಬಂದಿದ್ದಾನೆ. ಗುಲಾಬಿ ಹೆಸರು ಓದ್ಕೊಂಡು ಸುತ್ತುತಾ ಇದ್ದಾನೆ."

"ನಮ್ಮೆಜಮಾನ್ರನ್ನ ತೋಟಕ್ಕೆ ಕರ್ಕೊಂಡು ಬರ್ಬೇಕಾದ್ರೆ ಹಗ್ಗ ಕಟ್ಟಿ ಎಳೀಬೇಕು. ಏನು ಕೆಲಸದಲ್ಲಿದ್ರು?"

"ಸಾರಿಗೆಯಲ್ಲಿ."

"ಓ, ಆಫೀಸಿನಲ್ಲಾ?"

"ಹೂಂ, ಹಾಗೇನೇ" ಎಂದಳು ಥೆಲ್ಮಾ.

ಅಷ್ಟರಲ್ಲಿ ಬೇಲಿಯ ಆಚೆಯಿಂದ ನಗು ಕೇಳಿತು. ಮೊದಲು ಮಕ್ಕಳದು, ಆಮೇಲೆ ದೊಡ್ಡವರದೂ. ವಾದ್ಯದ ತಂಡ ನುಡಿಸುವುದನ್ನು ನಿಲ್ಲಿಸಿತು. ಸಾಲಿನಲ್ಲಿದ್ದವರು ಕತ್ತು ಚಾಚಿದರು, ಕೆಲವರು ಸಾಲು ಬಿಟ್ಟು ಹೋದರು. ಟೊಪ್ಪಿಗೆಯಾಕೆ "ಏನದು, ನೋಡ್ಕೊಂಡು ಬರೋಣ ಬನ್ನಿ" ಎಂದು ಥೆಲ್ಮಾಳ ತೋಳು ಹಿಡಿದೇ ಹೊರಟಳು. ಬೇಲಿಯ ಸಂದಿಯಲ್ಲಿ ದಾಟುವಾಗ ಬೆಂಚು ಖಾಲಿಯಿದ್ದುದನ್ನು ಥೆಲ್ಮಾ ನೋಡಿದಳು.

ದುಂಡು ಕೊಳದ ಕಲ್ಲಿನ ಅಂಚಿನ ಮೇಲೆ ಪ್ಯಾಂಟು ಗೆರೆ ಕೆಡದ ಹಾಗೆ ಮಡಿಸಿಟ್ಟಿತ್ತು. ಅದರ ಪಕ್ಕದಲ್ಲಿ ಹೊಳೆಯುವ ಬೂಟುಗಳು, ಒಂದೊಂದರಲ್ಲಿ ಒಂದೊಂದು ಕಾಲುಚೀಲ. ನೆವಿಲ್ ನೀರಿನ ನಡುವೆ ನಿಂತಿದ್ದ. ಮೇಲೆ ಅಂಗಿ, ಟೈ. ಕೆಳಗೆ ಒದ್ದೆಯಾಗಿ ಮೈಗಂಟಿದ ಒಳಚಡ್ಡಿ. ತಾವರೆ ಎಲೆಗಳನ್ನು ಕೈಯಿಂದ ಪಕ್ಕಕ್ಕೆ ಸರಿಸುತ್ತ, ಮುಖದ ತುಂಬಾ ನಗು. ಸಮುದ್ರದ ದಡಕ್ಕೆ ಬಂದಿದ್ದೇನೆ ಎಂದುಕೊಂಡಿದ್ದ. ಜನರ ನಡುವೆ ಥೆಲ್ಮಾ ಕಂಡೊಡನೆ ಎರಡೂ ಕೈ ಎತ್ತಿದ.

"ಥೆಲ್ಮಾ! ಬಾ ಮರಿ, ನೀರು ಬೆಚ್ಚಗಿದೆ! ಕಾಲುಚೀಲ ಬಿಚ್ಚಿ ಬಾ!"

ಜನ ಇನ್ನೂ ಜೋರಾಗಿ ನಕ್ಕರು. ಎಷ್ಟೋ ಜನ ಫೋನ್ ಎತ್ತಿ ಹಿಡಿದಿದ್ದರು. ಟೊಪ್ಪಿಗೆಯಾಕೆ ನಗಲಿಲ್ಲ. "ಅಯ್ಯೋ ಪಾಪ. ಈ ಸ್ಥಿತೀಲಿ ಒಬ್ಬನ್ನೇ ಬಿಟ್ಟಿದ್ದಾರಲ್ಲ. ಇವನ ಮನೆಯವ್ರಿಗೆ ನಾಚಿಕೆ ಅನ್ನೋದು ಬೇಡ್ವಾ?" ಎಂದಳು.

ಕೊರಳಿಗೆ ಬಿಲ್ಲೆ ಹಾಕಿಕೊಂಡ ಮೇಲ್ವಿಚಾರಕನೊಬ್ಬ ಓಡಿಬಂದ. "ಈ ಹಿರಿಯರ ಜೊತೆ ಬಂದವ್ರು ಯಾರಾದ್ರೂ ಇದ್ದೀರಾ?" ಎಂದು ಕೂಗಿದ. ನೆವಿಲ್ ಇನ್ನೂ ಕೈ ಬೀಸುತ್ತಲೇ ಇದ್ದ. ಆ ಮನುಷ್ಯ ಕೈ ಹೋದ ದಿಕ್ಕು ನೋಡಿ ನೇರವಾಗಿ ಥೆಲ್ಮಾಳ ಮುಂದೆ ಬಂದು ನಿಂತ.

"ಮೇಡಂ, ಅವ್ರು ನಿಮ್ಮನ್ನೇ ಕರೀತಿದ್ದಾರೆ ಅನ್ಸತ್ತೆ. ನಿಮ್ಮವರಾ?"

ಸುತ್ತಲಿನ ಮುಖಗಳೆಲ್ಲ ಇವಳತ್ತ ತಿರುಗಿದವು. ಬಾಗಿಲುಗಳಲ್ಲಿ ನಿಂತು ನೋಡುವ ಮುಖಗಳು.

"ಅಲ್ಲ" ಎಂದಳು ಥೆಲ್ಮಾ. "ನಂಗೆ ಅವ್ರು ಯಾರೋ ಗೊತ್ತಿಲ್ಲ."

ಆ ಮಾತು ಬೇಕಿದ್ದುದಕ್ಕಿಂತ ಗಟ್ಟಿಯಾಗಿ ಬಂತು. ನೀರಿನಲ್ಲಿದ್ದ ನೆವಿಲ್‌ಗೆ ಕೇಳಿಸಿತು. ಎತ್ತಿದ ಕೈಗಳು ಮೆಲ್ಲಗೆ ಕೆಳಗಿಳಿದವು. ಅವನು ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಲೆಯ ಮೇಲೆ ಇಲ್ಲದ ಟೊಪ್ಪಿಗೆಯನ್ನು ಎತ್ತುವವನ ಹಾಗೆ ಕೈ ಎತ್ತಿ, ತಲೆ ಬಾಗಿಸಿ, "ಕ್ಷಮಿಸಿ ಮೇಡಂ. ನನ್ನ ಹೆಂಡ್ತಿ ಅಂದ್ಕೊಂಡೆ. ತಪ್ಪಾಯ್ತು" ಎಂದ.

ಅಲ್ಲಿ ಕೆಲಸ ಮಾಡುವ ಟ್ರೂಡಿ ಎಂಬ ತೋಟಗಾರ್ತಿ ಕೈಗಾಡಿಯನ್ನು ಅಲ್ಲೇ ಬಿಟ್ಟು ಬೂಟು ಹಾಕಿಕೊಂಡೇ ನೀರಿಗಿಳಿದಳು. "ಫೋನು ಕೆಳಗಿಡ್ರೀ, ನಿಮ್ಮಪ್ಪ ಆಗಿದ್ರೆ ಹಿಡೀತಿದ್ರಾ?" ಎಂದು ಜನರಿಗೆ ಗದರಿ, ನೆವಿಲ್‌ನ ತೋಳು ಹಿಡಿದು, "ಬನ್ನಿ ಸಾರ್, ಅಲೆ ಜಾಸ್ತಿ ಆಗ್ತಾ ಇದೆ, ದಡಕ್ಕೆ ಹೋಗೋಣ" ಎಂದಳು. ಅವನು ತಕ್ಷಣ ಒಪ್ಪಿ ಅವಳ ಜೊತೆ ಬಂದ. ಚಳಿಗಾಲದಲ್ಲಿ ಗಿಡಗಳಿಗೆ ಹೊದಿಸುವ ಬಿಳಿಯ ಬಟ್ಟೆಯನ್ನು ಗಾಡಿಯಿಂದ ತೆಗೆದು ಅವನ ಸೊಂಟಕ್ಕೆ ಸುತ್ತಿ, ತರಕಾರಿ ತೋಟದ ಇಟ್ಟಿಗೆ ಗೋಡೆಯ ಹಿಂದಕ್ಕೆ ಕರೆದೊಯ್ದಳು. ದಡ ಹತ್ತುವಾಗ ಕಾಲು ತಾಗಿ ಪ್ಯಾಂಟು ನೀರಿಗೆ ಬಿದ್ದಿತ್ತು, ಹೋಗುವಾಗ ಅವನು ಬೂಟುಗಳನ್ನಷ್ಟೇ ಕೈಯಲ್ಲಿ ಹಿಡಿದುಕೊಂಡ. ಥೆಲ್ಮಾಳ ಕಡೆ ತಿರುಗಲಿಲ್ಲ.

ಥೆಲ್ಮಾ ಅವನ ಹಿಂದೆ ಹೋಗಲಿಲ್ಲ. ಟೊಪ್ಪಿಗೆಯಾಕೆ "ಬನ್ನಿ, ಸಾಲು ಮುಂದೆ ಹೋಗಿರತ್ತೆ" ಎಂದಾಗ "ಬಂದೆ" ಎಂದು ಹೇಳಿ, ಕಬ್ಬಿಣದ ಗೇಟು ದಾಟಿ ಬಯಲಿಗೆ ಹೋದಳು. ಹುಲ್ಲು ಮೊಣಕಾಲಿನವರೆಗೆ ಬೆಳೆದಿತ್ತು. ದೂರದಲ್ಲಿ ಜಿಂಕೆಗಳು ಮಲಗಿದ್ದವು, ಕಿವಿಗಳಷ್ಟೇ ಅಲ್ಲಾಡುತ್ತಿದ್ದವು. ಒಂದು ಓಕ್ ಮರದ ಕೆಳಗೆ ಕುಳಿತಳು. ವಾದ್ಯದ ಸದ್ದು ಮತ್ತೆ ಶುರುವಾಯಿತು.

ಅಲ್ಲಿ ಏನು ಮಾಡಿದಳು ಎಂಬುದನ್ನು ಅವಳು ಮಗಳಿಗೂ ಹೇಳಿರಲಿಲ್ಲ. ನನಗೆ ಹೇಳಿದ್ದು ಬಹಳ ತಡವಾಗಿ. "ಅಳ್ತಾ ಕೂತಿದ್ದೆ ಅಂದ್ಕೊಂಡಿದ್ದೀಯಾ? ಇಲ್ಲ ಕಣೇ. ಚೀಲ ಬಿಚ್ಚಿ ಸ್ಯಾಂಡ್‌ವಿಚ್ ತಿಂದೆ. ನಂದೂ ತಿಂದೆ, ಅವನದೂ ತಿಂದೆ. ರುಚಿಯಾಗಿತ್ತು. ಗಾಳಿ ಬರ್ತಾ ಇತ್ತು. ಯಾರೂ ನನ್ನ ಕರೀತಿರ್ಲಿಲ್ಲ. ಇನ್ನು ಅವನು ಅವರ ಪಾಲು, ನಾನು ಬಸ್ಸು ಹತ್ತಿ ಮನೆಗೆ ಹೋಗಿ ಮಲಗ್ಬೋದು ಅಂತ ಅನ್ನಿಸ್ತು. ಸುಖ ಅನ್ನಿಸ್ತು ಅಂದ್ರೆ ನಂಬ್ತೀಯಾ?" ಅದನ್ನು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ.

ಎದ್ದದ್ದು ಹೇಗೆಂದರೆ, ಅವನಿಗೆ ಪ್ಯಾಂಟಿನ ಗುಂಡಿ ತಾನೇ ಹಾಕಿಕೊಳ್ಳಲು ಬರುವುದಿಲ್ಲ ಎಂಬುದು ನೆನಪಾಯಿತು. ಬೇರೆ ಯಾರೋ ಹಾಕಬೇಕಾಗುತ್ತದೆ, ಅವನು ಸಂಕೋಚದಿಂದ ಹಿಡಿಯಾಗುತ್ತಾನೆ ಎನ್ನಿಸಿತು. ಸೆರಗಿಲ್ಲದ ಹೆಂಗಸು ಮುಖ ಮುಚ್ಚಿಕೊಳ್ಳುವುದಾದರೂ ಯಾವುದರಿಂದ? ಕಾರ್ಡಿಗನ್ನಿನ ತೋಳಿನಲ್ಲಿ ಬಾಯಿಯ ಅಂಚಿನ ಸಾಸಿವೆ ಒರೆಸಿಕೊಂಡು ವಾಪಸು ನಡೆದಳು.

ಇಟ್ಟಿಗೆ ಗೋಡೆಯ ಹಿಂದೆ ತೋಟದವರ ಶೆಡ್ಡು. ಬಾಗಿಲು ತೆರೆದಿತ್ತು. ನೆವಿಲ್ ಯಾರದೋ ಹಸಿರು ಕೆಲಸದ ಪ್ಯಾಂಟು ಹಾಕಿಕೊಂಡು, ಕೆಳಗೆ ಮಡಿಸಿಕೊಂಡು, ಮರದ ಪೆಟ್ಟಿಗೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಟ್ರೂಡಿ ತನ್ನ ಒದ್ದೆ ಕಾಲುಚೀಲ ಹಿಂಡುತ್ತಿದ್ದಳು.

"ನಾನು..." ಎಂದಳು ಥೆಲ್ಮಾ. "ನಾನು ಅವನ ಹೆಂಡ್ತಿ."

ಟ್ರೂಡಿ ತಲೆಯೆತ್ತಿ ನೋಡಿದಳು. ಆಶ್ಚರ್ಯವೇನೂ ಇರಲಿಲ್ಲ. "ಗೊತ್ತು" ಎಂದಳು. "ಥೆಲ್ಮಾ ಅಂತ ಕರೆದಾಗ ನಿಮ್ಮ ಮುಖ ನೋಡ್ದೆ. ಆಫೀಸಿನವ್ರು ಪೊಲೀಸಿಗೆ ಫೋನ್ ಮಾಡೋಣ ಅಂದ್ರು. ಚಹಾ ಮುಗೀಲಿ, ಬರ್ತಾರೆ ಅಂದೆ." ಕಾಲುಚೀಲವನ್ನು ಇನ್ನೊಮ್ಮೆ ಹಿಂಡಿ, "ಬರ್ತೀರೋ ಇಲ್ವೋ ನಂಗೂ ಗೊತ್ತಿರ್ಲಿಲ್ಲ" ಎಂದಳು.

ನೆವಿಲ್ ಬಾಗಿಲಲ್ಲಿ ನಿಂತವಳನ್ನು ಕಂಡು ಗಡಿಬಿಡಿಯಿಂದ ಎದ್ದು ನಿಂತ. "ನೋಡಿ, ಇವ್ರೇ ಆ ಮೇಡಂ" ಎಂದು ಟ್ರೂಡಿಗೆ ಹೇಳಿ, ಮತ್ತೊಮ್ಮೆ ತಲೆ ಬಾಗಿಸಿದ. "ನನ್ನಿಂದ ನಿಮಗೆ ಎಲ್ರ ಮುಂದೆ ಮುಜುಗರ ಆಯ್ತು. ಹುಡುಕ್ಕೊಂಡು ಬಂದಿದ್ದೀರಿ, ದೊಡ್ಡ ಮನಸ್ಸು ನಿಮ್ದು."

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತು ಬಂದರು. ಅವಳಿಗೆ ತಗಲದ ಹಾಗೆ ಅವನು ಕಿಟಕಿಗೆ ಒತ್ತಿಕೊಂಡು ಕೂತಿದ್ದ. ಚೀಲ ಹಿಡಿದುಕೊಳ್ಳಲಾ ಎಂದು ಕೇಳಿದ. "ನಿಮ್ಮ ಮನೆಯವ್ರು ಕಾಯ್ತಾ ಇರ್ತಾರೇನೋ" ಎಂದ. ಆ ದಿನ ಬೆಳಗಿನವರೆಗೆ ಎಷ್ಟೇ ಮರೆತರೂ ಅವಳನ್ನು ಮರೆತವನಲ್ಲ. ಮಾರನೆಯ ಬೆಳಿಗ್ಗೆ ಚಹಾ ಕೊಟ್ಟಾಗ "ಸಕ್ಕರೆ ಹಾಕಿದ್ದೀಯಾ ಥೆಲ್ಮಾ?" ಎಂದು ಎಂದಿನ ಹಾಗೆ ಕೇಳಿದ. ಅವಳು ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮುಚ್ಚಿಡುವುದಕ್ಕೆ ಇನ್ನೇನೂ ಉಳಿಯಲಿಲ್ಲ. ಯಾರೋ ಹಿಡಿದ ವಿಡಿಯೋ ಊರಿನವರ ಫೋನುಗಳಲ್ಲೆಲ್ಲ ಹರಿದಾಡಿತು, "ಆಲ್ಡರ್‌ಬಿಯಲ್ಲಿ ಹೊಸ ಈಜುಕೊಳ" ಎಂಬ ತಲೆಬರಹ ಹೊತ್ತು. ಆ ವಾರವೇ ಗೇಲ್ ಬಂದಳು. ಕಾರಿನಿಂದ ಇಳಿದವಳು ಮೊದಲು ನನ್ನ ಬಾಗಿಲು ಬಡಿದು, "ನೀವೂ ಬನ್ನಿ ಆಂಟಿ. ನಾನೊಬ್ಳೇ ಕೇಳಿದ್ರೆ ಅಮ್ಮ ಏನಾದ್ರೂ ಕಥೆ ಕಟ್ತಾಳೆ" ಎಂದು ಕೈಹಿಡಿದು ಎಳೆದುಕೊಂಡೇ ಹೋದಳು.

ಥೆಲ್ಮಾ ಇಸ್ತ್ರಿ ಮಾಡುತ್ತಿದ್ದಳು. ಗೇಲ್ ಫೋನನ್ನು ಇಸ್ತ್ರಿ ಹಲಗೆಯ ಮೇಲಿಟ್ಟಳು.

"ಇದು ಅಪ್ಪ ಅಲ್ವಾ?"

"ಹೂಂ."

"ಎಷ್ಟು ದಿನದಿಂದ ಹೀಗಿದ್ದಾನೆ?"

"ಈಚೆಗೆ ಸ್ವಲ್ಪ..."

"ಅಮ್ಮ, ಸುಳ್ಳು ಹೇಳ್ಬೇಡ. ಹಿತ್ತಲಲ್ಲಿದ್ದಾನೆ, ಹಿತ್ತಲಲ್ಲಿದ್ದಾನೆ ಅಂತ ಜನವರಿಯಲ್ಲಿ, ಹಿಮ ಬಿದ್ದಾಗಲೂ ಹೇಳ್ದೆ. ನಾನೂ ಪೆದ್ದಿ, ನಂಬ್ದೆ. ಈಗ ಹೇಳು, ಇದಾಗೋವಾಗ ನೀನೆಲ್ಲಿದ್ದೆ?"

"ಚಹಾ ತರಕ್ಕೆ ಹೋಗಿದ್ದೆ."

ಗೇಲ್ ವಿಡಿಯೋವನ್ನು ಬೆರಳಿಂದ ನಿಲ್ಲಿಸಿ ದೊಡ್ಡದು ಮಾಡಿದಳು. ಜನರ ನಡುವೆ ಒಂದು ನೀಲಿ ಕಾರ್ಡಿಗನ್. "ಇದು ನಾನು ಕ್ರಿಸ್‌ಮಸ್ಸಿಗೆ ಕೊಟ್ಟಿದ್ದು." ಮತ್ತೆ ಬೆರಳು ಒತ್ತಿದಳು. ಫೋನಿನ ಸಣ್ಣ ಸ್ಪೀಕರಿನಿಂದ ಥೆಲ್ಮಾಳ ದನಿ ಬಂತು: ನಂಗೆ ಅವ್ರು ಯಾರೋ ಗೊತ್ತಿಲ್ಲ.

ಥೆಲ್ಮಾಳ ಮುಖ ಮೊದಲು ಕೆಂಪಾಗಿ ಆಮೇಲೆ ಬೂದಿಬಣ್ಣವಾಯಿತು. ಇಸ್ತ್ರಿಪೆಟ್ಟಿಗೆ ಅಂಗಿಯ ಮೇಲೇ ಇತ್ತು, ಸುಟ್ಟ ವಾಸನೆ ಬಂತು, ನಾನು ಎತ್ತಿಟ್ಟೆ. ಒಳಕೋಣೆಯಿಂದ ನೆವಿಲ್ ಕೂಗಿದ, "ಯಾರು ಬಂದಿರೋದು ಮರಿ? ಒಳಗೆ ಕರಿ, ಬಾಗಿಲಲ್ಲಿ ನಿಲ್ಲಿಸ್ಬೇಡ."

"ಹೌದು, ಅಂದೆ" ಎಂದಳು ಥೆಲ್ಮಾ ಮಗಳಿಗೆ. "ಹಾಗೇ ಅಂದೆ. ನೀನು ಏನು ಬೇಕಾದ್ರೂ ಬೈ."

ಗೇಲ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಥೆಲ್ಮಾ ಆಮೇಲೆ ಅನ್ನುತ್ತಿದ್ದಳು. ಮಗಳು ಒಳಗೆ ಹೋಗಿ ಅಪ್ಪನ ಪಕ್ಕ ಕೂತಳು. ಮಾರನೆಯ ದಿನ ಡಾಕ್ಟರ ಹತ್ತಿರ ಕರೆದೊಯ್ದಳು. ಕಾಯಿಲೆಗೆ ಹೆಸರು ಸಿಕ್ಕಿತು. ವಾರಕ್ಕೊಮ್ಮೆ ನರ್ಸು ಬರುವ ಏರ್ಪಾಡಾಯಿತು, ತಿಂಗಳಿಗೆರಡು ಸಲ ಗೇಲ್ ಬಂದು ಉಳಿಯತೊಡಗಿದಳು. ಥೆಲ್ಮಾ ಮಾತ್ರ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ಅಂಗಡಿಗೂ ನನ್ನನ್ನೇ ಕಳಿಸುತ್ತಿದ್ದಳು. ಒಮ್ಮೆ ಹಾಲು ಕೊಡಲು ಹೋದಾಗ ಮೆಟ್ಟಿಲಿನ ಮೇಲೆ ಧೂಳಿತ್ತು. ಅದನ್ನು ನೋಡಿ ನನಗೆ ಭಯವಾಯಿತು.

ಟ್ರೂಡಿ ಕೊಟ್ಟ ಹಸಿರು ಪ್ಯಾಂಟು ಒಗೆದು ಇಸ್ತ್ರಿಯಾಗಿ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಬೇಸಿಗೆ ಕಳೆಯಿತು. "ಪೋಸ್ಟಿನಲ್ಲಿ ಕಳಿಸಿಬಿಡು" ಎಂದೆ. "ಹಾಗೆ ಮಾಡಿದ್ರೆ ಇನ್ನೊಂದ್ಸಲ ಗೊತ್ತಿಲ್ಲ ಅಂದ ಹಾಗಾಗತ್ತೆ" ಎಂದಳು. ಎಲೆ ಉದುರುವ ಕಾಲದಲ್ಲಿ, ಗೇಲ್ ಬಂದಿದ್ದ ಒಂದು ದಿನ, ಪ್ಯಾಂಟನ್ನು ಚೀಲದಲ್ಲಿಟ್ಟುಕೊಂಡು ಒಬ್ಬಳೇ ಬಸ್ಸು ಹತ್ತಿದಳು.

ಟ್ರೂಡಿ ಎಲೆ ಗುಡಿಸುತ್ತಿದ್ದಳಂತೆ. ಪ್ಯಾಂಟು ತೆಗೆದುಕೊಂಡು, "ಇಷ್ಟು ಚೆನ್ನಾಗಿ ಇಸ್ತ್ರಿ ಮಾಡಿದ್ದನ್ನ ಹಾಕ್ಕೊಂಡು ಗೊಬ್ಬರ ಹೊರೋದು ಹೇಗೆ?" ಎಂದಳಂತೆ. ಥೆಲ್ಮಾ ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋದವು. "ಆ ದಿನ ನಾನು ಮಾಡಿದ್ದು..." ಎಂದು ಶುರುಮಾಡಿ ನಿಲ್ಲಿಸಿದಳು.

"ನಂಗೆ ನಿಮ್ಮ ಮೇಲೆ ಬಹಳ ಕೋಪ ಬಂದಿತ್ತು" ಎಂದಳು ಟ್ರೂಡಿ ಗುಡಿಸುವುದನ್ನು ನಿಲ್ಲಿಸದೆ. "ಊಟದ ಹೊತ್ತಲ್ಲಿ ಎಲ್ರ ಮುಂದೆ ನಿಮ್ಮ ಬಗ್ಗೆ ಏನೇನೋ ಅಂದೆ. ಅದು ನಿಮಗೆ ಗೊತ್ತಿರ್ಲಿ. ಆದ್ರೆ ಅವ್ರು ಹೇಗಿದ್ದಾರೆ?"

"ದಿನವಿಡೀ ಕಿಟಕಿ ಹತ್ರ ಕೂತಿರ್ತಾನೆ."

"ಸೋಮವಾರ ನಮ್ಮಲ್ಲಿ ಹೊರಗಿನವರಿಗೆ ರಜ. ಕರ್ಕೊಂಡು ಬನ್ನಿ. ಚಳಿಗಾಲದಲ್ಲಿ ರಾಶಿ ಮಣ್ಣಿನ ಕುಂಡ ತೊಳೀಬೇಕು. ಆ ದಿನ ಇಲ್ಲಿ ಕೂತಾಗ್ಲೇ ನನ್ನ ಬೂಟಿನ ಕೆಸರು ಒರೆಸಿಕೊಟ್ರು, ಬೇಡ ಅಂದ್ರೂ ಕೇಳ್ಲಿಲ್ಲ."

ಹಾಗೆ ನೆವಿಲ್ ಎರಡು ಚಳಿಗಾಲ ಪ್ರತಿ ಸೋಮವಾರ ಆಲ್ಡರ್‌ಬಿಯ ಶೆಡ್ಡಿನಲ್ಲಿ ಟೈ ಕಟ್ಟಿಕೊಂಡು ಕುಂಡ ತೊಳೆದ. ಥೆಲ್ಮಾ ಪಕ್ಕದಲ್ಲಿ ಕೂತು ಒರೆಸಿ ಜೋಡಿಸುತ್ತಿದ್ದಳು. ದಾರಿಯಲ್ಲಿ ಬಸ್ಸಿನೊಳಗೆ ಯಾರಾದರೂ ಅವನ ಕಡೆ ನೋಡಿದರೆ ಸಾಕು, ಕೇಳುವ ಮೊದಲೇ "ಇವನು ನನ್ನ ಗಂಡ" ಎಂದುಬಿಡುತ್ತಿದ್ದಳು. ಗೇಲ್ ಒಮ್ಮೆ ತಾಳಲಾರದೆ, "ಅಮ್ಮ, ಕಂಡಕಂಡವ್ರಿಗೆಲ್ಲಾ ಯಾಕೆ ಹೇಳ್ತೀಯಾ? ಅವ್ರು ಕಿಟಕಿ ನೋಡ್ತಿದ್ರು" ಎಂದು ಗದರಿದಳು. ಆದರೂ ಅವಳು ಬಿಡಲಿಲ್ಲ.

ಎರಡನೆಯ ಚಳಿಗಾಲ ಮುಗಿಯುತ್ತಾ ಬಂದಾಗ ಒಂದು ಸೋಮವಾರ, ಕೆಲಸದ ನಡುವೆ, ನೆವಿಲ್ ತಾನಾಗಿಯೇ ಟ್ರೂಡಿಗೆ ಹೇಳಿದ. "ಇಲ್ಲೇ ಎಲ್ಲೋ ಒಂದ್ಸಲ ಒಬ್ಬ ಮೇಡಂಗೆ ನನ್ನಿಂದ ತುಂಬಾ ತೊಂದ್ರೆ ಆಯ್ತು. ನಾನು ಏನೋ ತಿಳ್ಕೊಂಡು ಕೂಗಿಬಿಟ್ಟೆ. ಪಾಪ, ಅವ್ರ ಮುಖ ಕೆಂಪಾಗಿ ಹೋಯ್ತು. ಈಗ್ಲೂ ನೆನೆಸ್ಕೊಂಡ್ರೆ ನಾಚಿಕೆ ಆಗತ್ತೆ."

ಟ್ರೂಡಿ ಥೆಲ್ಮಾಳ ಕಡೆ ನೋಡಿ ಮೆಲ್ಲಗೆ ಹೊರಗೆ ಹೋದಳು. ಥೆಲ್ಮಾಳ ಕೈಯಲ್ಲಿ ಕುಂಡವಿತ್ತು. ಅದನ್ನು ಕೆಳಗಿಟ್ಟಳು.

"ನೆವಿಲ್, ಆ ಮೇಡಂ ನಾನೇ ಕಣೋ. ನೀನು ಕರೆದಿದ್ದು ನನ್ನನ್ನೇ. ನಾನೇ ಗೊತ್ತಿಲ್ಲ ಅಂದಿದ್ದು."

ನೆವಿಲ್ ಅವಳನ್ನು ನೋಡಿ, ಮಕ್ಕಳ ಮಾತು ಕೇಳಿದವನ ಹಾಗೆ ನಕ್ಕ. "ನೀನಾ? ಹೋಗೇ. ನೀನಾಗಿದ್ರೆ ನೀರಿಗೆ ಇಳಿದು ಬರ್ತಿದ್ದೆ" ಎಂದು ಹೇಳಿ ಮುಂದಿನ ಕುಂಡಕ್ಕೆ ಕೈ ಚಾಚಿದ.

ಅವಳು ಇನ್ನೊಮ್ಮೆ ಹೇಳಲು ಬಾಯಿ ತೆರೆದಳಂತೆ. ಆದರೆ ಹೇಳಿದರೆ ಅವನಿಗೆ ಅರ್ಥವಾಗಿಬಿಟ್ಟೀತು ಎಂದು ಹೆದರಿದಳು. ಅರ್ಥವಾಗದೆ ಹೋದೀತು ಎಂದೂ ಹೆದರಿದಳು. ಒದ್ದೆ ಬಟ್ಟೆ ತೆಗೆದುಕೊಂಡು ಅವನು ಕೊಟ್ಟ ಕುಂಡ ಒರೆಸಿದಳು.

ಆ ವರ್ಷವೇ ಬೇಸಿಗೆಗೆ ಮುಂಚೆ ನೆವಿಲ್ ಎದೆಯಲ್ಲಿ ಕಫ ಕಟ್ಟಿಕೊಂಡು ತೀರಿಕೊಂಡ. ಚಾಪೆಲ್ಲಿನಲ್ಲಿ ಹಳೆಯ ಬಸ್ಸಿನ ಚಾಲಕರೆಲ್ಲ ಬೂಟು ಹೊಳೆಯಿಸಿಕೊಂಡು ಬಂದಿದ್ದರು. ಟ್ರೂಡಿ ಕೆಲಸದಿಂದ ನೇರವಾಗಿ ಬಂದವಳು, ಹಿಂದಿನ ಸಾಲಿನಲ್ಲಿ ಕೂತಳು. ಪಾದ್ರಿ ಒಳ್ಳೆಯ ಮನುಷ್ಯ. ಕೊನೆಯವರೆಗೂ ಒಂದು ಗಳಿಗೆಯೂ ಗಂಡನ ಕೈ ಬಿಡದ ಹೆಂಡತಿ ಎಂದು ಥೆಲ್ಮಾಳನ್ನು ಹೊಗಳಿದ. ಜನ ತಲೆದೂಗಿದರು. ಥೆಲ್ಮಾ ನನ್ನ ಪಕ್ಕದಲ್ಲಿ ಕೂತಿದ್ದಳು. ಅವಳ ಕುತ್ತಿಗೆ ಕಿವಿಯವರೆಗೂ ಕೆಂಪಾಗುವುದನ್ನು ನೋಡಿದೆ. ಹಾಗೆ ಹೇಳಬೇಡಿ ಎಂದು ಹಿಂದಿನ ದಿನ ಪಾದ್ರಿಗೆ ಕೈಮುಗಿಯುವಷ್ಟು ಕೇಳಿಕೊಂಡಿದ್ದಳಂತೆ. ವಿನಯದ ಮಾತು ಎಂದು ಅವನು ತಿಳಿದ.

ಆಮೇಲೆ ಮನೆಯಲ್ಲಿ ಬಂದವರಿಗೆಲ್ಲ ಚಹಾ ಕೊಡುವಾಗ ಅವಳು ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ನಾನು ಕಪ್ಪು ತರಲು ಹೋದೆ. ಓಕ್ ಮರದ ಕೆಳಗಿನ ಮಾತು, ಕುಂಡ ತೊಳೆಯುವಾಗಿನ ಮಾತು, ಎರಡನ್ನೂ ಅವಳು ನನಗೆ ಹೇಳಿದ್ದು ಅಲ್ಲಿ, ತೊಳೆದ ಕಪ್ಪುಗಳನ್ನೇ ಮತ್ತೆ ತೊಳೆಯುತ್ತಾ. "ಎಲ್ರೂ ಎಷ್ಟು ಚೆನ್ನಾಗಿ ನೋಡ್ಕೊಂಡೆ ಅಂತಾರೆ. ಯಾರಾದ್ರೂ ಒಬ್ರು ಉಗಿದಿದ್ರೆ ಒರೆಸ್ಕೊಂಡು ಸುಮ್ನಿರ್ತಿದ್ದೆ" ಎಂದಳು. ನಾನಾಗಿದ್ದರೆ ನೀರಿಗೆ ಇಳಿಯುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ. ಕಪ್ಪು ಒರೆಸತೊಡಗಿದೆ.

ಈಗಲೂ ಥೆಲ್ಮಾ ಸೋಮವಾರಗಳಲ್ಲಿ ಆಲ್ಡರ್‌ಬಿಗೆ ಹೋಗುತ್ತಾಳೆ. ಮಂಡಿ ನೋವು, ಕೋಲು ಬಂದಿದೆ. ಗುಲಾಬಿ ನೋಡಲು ನಿಲ್ಲುವುದಿಲ್ಲ. ಗೋಡೆಯ ಹಿಂದಿನ ದಾರಿಯಲ್ಲಿ ನೇರ ಶೆಡ್ಡಿಗೆ ಹೋಗಿ ಬಟ್ಟೆಯ ತೋಳು ಮಡಿಸಿ ಕುಂಡ ತೊಳೆಯಲು ಕೂರುತ್ತಾಳೆ. ಈ ಫೆಬ್ರವರಿಯಲ್ಲಿ ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ನೀರು ಮಂಜಿನಷ್ಟು ತಣ್ಣಗಿತ್ತು. ಟ್ರೂಡಿ ರಬ್ಬರಿನ ಕೈಗವಸು ತಂದು ಮುಂದಿಟ್ಟು, "ಪ್ರತಿ ವಾರ ಹೇಳಿಸ್ಕೊಳ್ಬೇಡಿ, ಹಾಕ್ಕೊಳ್ಳಿ" ಎಂದಳು. ಥೆಲ್ಮಾ ಅದನ್ನು ಪಕ್ಕಕ್ಕೆ ಸರಿಸಿ, "ಅದು ಹಾಕ್ಕೊಂಡ್ರೆ ಅಂಚಿನ ಮಣ್ಣು ಸರಿಯಾಗಿ ಹೋಗಲ್ಲ ಮರಿ" ಎಂದು, ಕೆಂಪಾದ ಕೈಗಳನ್ನು ಮತ್ತೆ ತೊಟ್ಟಿಗೆ ಇಳಿಸಿದಳು.